ರಿಟರ್ನ್ ಅಂದರೆ ದುಡ್ಡು ವಾಪಸ್ ಬರುವುದಲ್ಲ

ಜುಲೈ ಬಂತೆಂದರೆ ತೆರಿಗೆ ಸಲಹೆಗಾರರ ಕಚೇರಿಗಳಲ್ಲಿ ಒಂದು ಪ್ರಶ್ನೆ ಕೇಳಿಸಿಯೇ ಕೇಳಿಸುತ್ತದೆ: ‘ಸಾರ್, ಈ ಸಲ ನಂಗೆ ರಿಟರ್ನ್ ಎಷ್ಟು ಬರುತ್ತೆ?’ ಕೇಳುವವರ ಮನಸ್ಸಿನಲ್ಲಿರುವುದು ರಿಫಂಡ್. ಜಾಸ್ತಿ ಕಟ್ಟಿದ ತೆರಿಗೆ ನಮ್ಮ ಖಾತೆಗೆ ಬಂದರೆ ಅದು ರಿಫಂಡ್. ರಿಟರ್ನ್ ಎಂದರೆ ನಾವು ಆದಾಯ ತೆರಿಗೆ ಇಲಾಖೆಗೆ ಕೊಡುವ ಆದಾಯದ ವಿವರ.

ಹೀಗೆ ಗೊಂದಲವಾದರೆ ಅವರನ್ನು ದೂರುವಂತಿಲ್ಲ. ರಿಟರ್ನ್ ಟಿಕೆಟ್ ಊರಿಂದ ವಾಪಸ್ ಬರಲಿಕ್ಕೆ. ಆನ್‌ಲೈನ್‌ನಲ್ಲಿ ತರಿಸಿದ ಚಪ್ಪಲಿ ಕಾಲಿಗೆ ಹಿಡಿಸದಿದ್ದರೆ ರಿಟರ್ನ್. ಬೌಲರ್ ಎಸೆದ ಚೆಂಡು ಅವನ ಕೈಗೇ ಮರಳಿದರೆ ರಿಟರ್ನ್ ಕ್ಯಾಚ್. ‘ರಿಟರ್ನ್ ಖಾಲಿ ಬರಬೇಕು ಸಾರ್, ಒಂದೂವರೆ ಕೊಡಿ’ ಎನ್ನುವ ಆಟೋದವರಿಗೂ ಅರ್ಥ ಸ್ಪಷ್ಟ. ಹುಟ್ಟುಹಬ್ಬದ ರಿಟರ್ನ್ ಗಿಫ್ಟ್ ನಮಗೇನು ಹೊಸದಲ್ಲ, ಮದುವೆಮನೆಯ ಮುಯ್ಯಿಯ ಲೆಕ್ಕ ಗೊತ್ತಿದ್ದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಇಲ್ಲೆಲ್ಲ ಏನೋ ಒಂದು ವಾಪಸ್ ಬರುತ್ತದೆ. ತೆರಿಗೆ ರಿಟರ್ನ್‌ನಲ್ಲಿ ವಾಪಸ್ ಹೋಗುವುದು ಏನು? ನಾವು ಇಲಾಖೆಯಿಂದ ತಂದಿದ್ದಾದರೂ ಏನು? ಚುನಾವಣೆಯ ರಿಟರ್ನಿಂಗ್ ಆಫೀಸರ್ ಏನನ್ನು ಯಾರಿಗೆ ಹಿಂತಿರುಗಿಸುತ್ತಾರೆ?

ಪದದ ಬೇರು ಬಹಳ ಹಳೆಯದು. ಲ್ಯಾಟಿನ್‌ನಲ್ಲಿ ‘ಟೋರ್ನಾರೆ’ ಎಂದರೆ ಲೇತ್ ಮೇಲೆ ತಿರುಗಿಸುವುದು. ಚನ್ನಪಟ್ಟಣದ ಗೊಂಬೆ ಮಾಡುವವರು ಮರವನ್ನು ತಿರುಗಿಸಿ ಕಡೆಯುತ್ತಾರಲ್ಲ, ಆ ಬಗೆಯ ಕೆಲಸ. ಅದರ ಮೊದಲಿಗೆ ‘ರಿ’ ಸೇರಿ, ಫ್ರೆಂಚ್ ಮೂಲಕ 14ನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂತು. ಇನ್ನೊಂದು ಯಂತ್ರದ ನೆನಪು, ರಿಟರ್ನ್ ಕೀಲಿಯಾಗಿ, ಕಂಪ್ಯೂಟರ್ ಕೀಲಿಮಣೆಯ ಮೇಲೆ ಇನ್ನೂ ಇದೆ.

ಟೈಪ್‌ರೈಟರ್‌ನಲ್ಲಿ ಕಾಗದ ಹಿಡಿದಿರುವ ಭಾಗಕ್ಕೆ ಕ್ಯಾರಿಯೇಜ್ ಎನ್ನುತ್ತಾರೆ. ಒಂದೊಂದು ಅಕ್ಷರ ಕುಟ್ಟಿದಾಗಲೂ ಅದು ಎಡಕ್ಕೆ ಸರಿಯುತ್ತದೆ. ಸಾಲು ಮುಗಿಯುತ್ತ ಬಂದಾಗ ಗಂಟೆ ಹೊಡೆಯುತ್ತದೆ. ಆಗ ಸನ್ನೆ ತಳ್ಳಿ ಕ್ಯಾರಿಯೇಜನ್ನು ಮೊದಲಿನ ಜಾಗಕ್ಕೆ ತರಬೇಕು. 1874ರಲ್ಲಿ ರೆಮಿಂಗ್ಟನ್ ಮಾರುಕಟ್ಟೆಗೆ ತಂದ ಮೊದಲ ಯಂತ್ರದಲ್ಲಿ ಇದಕ್ಕೆ ಹೊಲಿಗೆ ಯಂತ್ರದ ಹಾಗೆ ಕಾಲಲ್ಲಿ ತುಳಿಯುವ ಪೆಡಲ್ ಇತ್ತು. ಮುಂದೆ ಟೆಲಿಪ್ರಿಂಟರ್ ಬಂದಾಗ ಈ ಕೆಲಸ ಎರಡಾಯಿತು: ಕ್ಯಾರಿಯೇಜ್ ವಾಪಸ್ ತರಲು ಒಂದು ಸಂಕೇತ, ಕಾಗದವನ್ನು ಒಂದು ಸಾಲು ಮೇಲೇರಿಸಲು ಇನ್ನೊಂದು. ಅಕ್ಷರ, ಸಂಕೇತಗಳಿಗೆ ಕಂಪ್ಯೂಟರ್ ಬಳಸುವ ಸಂಖ್ಯೆಗಳ ಆಸ್ಕಿ ಪಟ್ಟಿಯಲ್ಲಿ ಇವು 13 ಮತ್ತು 10. ಕ್ಯಾರಿಯೇಜೇ ಇಲ್ಲದ ಈ ಕಾಲದಲ್ಲೂ ಸಾಲಿನ ಕೊನೆಯಲ್ಲಿ ವಿಂಡೋಸ್ ಎರಡನ್ನೂ ಬರೆಯುತ್ತದೆ, ಲಿನಕ್ಸ್‌ಗೆ 10 ಒಂದೇ ಸಾಕು. ಇದೇ ಕಾರಣಕ್ಕೆ 2018ರವರೆಗೂ ಲಿನಕ್ಸ್‌ನ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಎಲ್ಲ ಸಾಲೂ ಒಂದಕ್ಕೊಂದು ಅಂಟಿಕೊಂಡು ಕಾಣುತ್ತಿದ್ದವು. ಆಪಲ್ ಕಂಪನಿಯ ಅನೇಕ ಕೀಲಿಮಣೆಗಳ ಮೇಲೆ ‘ರಿಟರ್ನ್’ ಎಂದೇ ಇರುತ್ತದೆ.

ಇಷ್ಟೂ ‘ವಾಪಸ್’ ಎಂಬ ಅರ್ಥದ ಕೊಂಬೆ. ತೆರಿಗೆ ಮತ್ತು ಚುನಾವಣೆ ಬೇರೆ ಕೊಂಬೆಯವು. ಅದು ಚಿಗುರಿದ್ದು ಇಂಗ್ಲೆಂಡಿನ ಕೋರ್ಟುಗಳಲ್ಲಿ.

ಮಧ್ಯಯುಗದ ಇಂಗ್ಲೆಂಡಿನಲ್ಲಿ ರಾಜನ ಆಜ್ಞೆ ಚರ್ಮದ ಹಾಳೆಯ ಮೇಲೆ ಹೋಗುತ್ತಿತ್ತು. ಅದಕ್ಕೆ ರಿಟ್ ಎಂದು ಹೆಸರು. ನಮ್ಮ ಹೈಕೋರ್ಟಿನ ರಿಟ್ ಅರ್ಜಿಯಲ್ಲಿ ಇರುವುದೂ ಅದೇ ರಿಟ್. ‘ಇಂಥವನನ್ನು ಇಂಥ ದಿನ ಕೋರ್ಟಿನ ಮುಂದೆ ತಂದು ನಿಲ್ಲಿಸು’ ಎಂದು ಜಿಲ್ಲೆಯಲ್ಲಿ ರಾಜನ ಅಧಿಕಾರಿಯಾಗಿದ್ದ ಶೆರೀಫನಿಗೆ ಆಜ್ಞೆ. ಶೆರೀಫ ತಾನೇನು ಮಾಡಿದೆ ಎಂಬುದನ್ನು ಸಾಮಾನ್ಯವಾಗಿ ಆ ಹಾಳೆಯ ಹಿಂಬದಿಯಲ್ಲೇ ಬರೆದು ವಾಪಸ್ ಕಳಿಸಬೇಕಿತ್ತು. ಆಳು ಸಿಗದಿದ್ದರೆ ‘ನಾನ್ ಎಸ್ಟ್ ಇನ್ವೆಂಟಸ್’, ಅಂದರೆ ‘ಸಿಗಲಿಲ್ಲ’ ಎಂಬ ಒಂದು ಸಾಲು. ಮೊದಲು ಹಾಳೆ ವಾಪಸ್ ಹೋಗುವುದಕ್ಕೆ ರಿಟರ್ನ್ ಎನ್ನುತ್ತಿದ್ದರು. ಬರಬರುತ್ತ ಅದರ ಬೆನ್ನ ಮೇಲಿದ್ದ ಉತ್ತರಕ್ಕೇ ಆ ಹೆಸರು ಅಂಟಿಕೊಂಡಿತು. ಮೇಲಿನವರು ಕೇಳಿದ್ದಕ್ಕೆ ಕೆಳಗಿನವರು ಬರೆದು ಕೊಡುವ ಉತ್ತರ ರಿಟರ್ನ್ ಆಯಿತು. ದಂಡಿನಲ್ಲಿ ಎಷ್ಟು ಜನ ಸತ್ತರು ಎಂಬ ವರದಿ ರಿಟರ್ನ್, ಜನಗಣತಿಯಲ್ಲಿ ತುಂಬಿದ ಪಟ್ಟಿಯೂ ರಿಟರ್ನ್.

ಪಾರ್ಲಿಮೆಂಟಿಗೆ ಸದಸ್ಯರನ್ನು ಆರಿಸಿ ಕಳಿಸಿ ಎಂಬ ಆಜ್ಞೆಯೂ ರಿಟ್ ಮೂಲಕವೇ ಶೆರೀಫನಿಗೆ ಬರುತ್ತಿತ್ತು. ಆಯ್ಕೆಯಾದವರ ಹೆಸರಿನ ಜೊತೆ ರಿಟ್ ವಾಪಸ್ ಕಳಿಸಬೇಕಿದ್ದವನೂ ಅವನೇ. ರಿಟರ್ನಿಂಗ್ ಆಫೀಸರ್ ಹುಟ್ಟಿದ್ದು ಹೀಗೆ. ಅಧಿಕಾರ ಇದ್ದ ಕಡೆ ಕೈಚಳಕ ಇರದೆ ಇರುತ್ತದೆಯೇ? ಜನ ಒಬ್ಬನನ್ನು ಆರಿಸಿದರೆ ಶೆರೀಫ ಇನ್ನೊಬ್ಬನ ಹೆಸರು ಬರೆದು ಕಳಿಸಿದ ದೂರುಗಳು ಬಂದವು. 1406ರಲ್ಲಿ ಒಂದು ಕಾನೂನೇ ಮಾಡಬೇಕಾಯಿತು: ಆರಿಸಿದವರು ತಮ್ಮ ಮುದ್ರೆ ಒತ್ತಿದ ಪತ್ರವನ್ನು ರಿಟ್‌ಗೆ ಲಗತ್ತಿಸಿಯೇ ಕಳಿಸಬೇಕು.

1604ರ ಜಗಳ ಇನ್ನೂ ದೊಡ್ಡದು. ಬಕಿಂಗ್‌ಹ್ಯಾಮ್‌ಶೈರ್‌ನಿಂದ ಸರ್ ಫ್ರಾನ್ಸಿಸ್ ಗುಡ್ವಿನ್ ಗೆದ್ದರು. ಅವರನ್ನು ಕಾನೂನಿನ ರಕ್ಷಣೆಯಿಂದ ಹೊರಗಿಟ್ಟಿದೆ ಎಂಬ ಕಾರಣ ಕೊಟ್ಟು ರಿಟ್ ಹೊರಡಿಸುವ ಚಾನ್ಸರಿ ಕಚೇರಿ ಆ ರಿಟರ್ನ್ ಅನ್ನು ಒಪ್ಪಲಿಲ್ಲ. ಎರಡನೇ ರಿಟ್ ಹೋಯಿತು, ಸರ್ ಜಾನ್ ಫೋರ್ಟೆಸ್ಕ್ಯೂ ಆಯ್ಕೆಯಾದರು. ಪಾರ್ಲಿಮೆಂಟಿನ ಕೆಳಮನೆಯಾದ ಕಾಮನ್ಸ್ ಸಭೆ ಮಾತ್ರ ಗುಡ್ವಿನ್ನರೇ ನಮ್ಮ ಸದಸ್ಯ ಎಂದು ಪಟ್ಟು ಹಿಡಿಯಿತು. ದೊರೆ ಒಂದನೇ ಜೇಮ್ಸ್ ನಡುವೆ ಬಂದರು. ಕೊನೆಗೆ ಇಬ್ಬರನ್ನೂ ಬಿಟ್ಟು ಮೂರನೇ ಸಲ ಚುನಾವಣೆ ನಡೆಸುವ ರಾಜಿಯಾಯಿತು. ರಿಟರ್ನ್ ಸರಿಯೋ ತಪ್ಪೋ ಎಂದು ತೀರ್ಮಾನಿಸುವ ಹಕ್ಕನ್ನು ಕಾಮನ್ಸ್ ಸಭೆ ಆಮೇಲೆ ಬಿಟ್ಟುಕೊಡಲಿಲ್ಲ. 19ನೇ ಶತಮಾನದಲ್ಲಿ ಆ ಕೆಲಸ ನ್ಯಾಯಾಧೀಶರ ಕೈಗೆ ಹೋಯಿತು.

ನಮ್ಮಲ್ಲಿ ಚುನಾವಣೆಗೆ ರಿಟ್ ಇಲ್ಲ. ಲೋಕಸಭೆಗೆ ರಾಷ್ಟ್ರಪತಿ, ವಿಧಾನಸಭೆಗೆ ರಾಜ್ಯಪಾಲರು ಅಧಿಸೂಚನೆ ಹೊರಡಿಸುತ್ತಾರೆ. ಹೆಸರುಗಳು ಮಾತ್ರ ಹಾಗೆಯೇ ಉಳಿದಿವೆ. 1951ರ ಜನಪ್ರತಿನಿಧಿ ಕಾಯ್ದೆಯಲ್ಲಿ ಗೆದ್ದವರು ‘ರಿಟರ್ನ್ಡ್ ಕ್ಯಾಂಡಿಡೇಟ್’. ಎಣಿಕೆ ಮುಗಿದ ಮೇಲೆ ಅಧಿಕಾರಿ ಸಹಿ ಹಾಕುವ ನಮೂನೆ 21ಇ ಹೆಸರು ‘ರಿಟರ್ನ್ ಆಫ್ ಎಲೆಕ್ಷನ್’. ಕನ್ನಡದಲ್ಲಿ ನಾವು ಚುನಾವಣಾಧಿಕಾರಿ ಎಂದು ಸುಲಭ ಮಾಡಿಕೊಂಡೆವು. ಜಿಲ್ಲಾ ಚುನಾವಣಾಧಿಕಾರಿಗೂ ಕ್ಷೇತ್ರದ ಚುನಾವಣಾಧಿಕಾರಿಗೂ ವ್ಯತ್ಯಾಸ ಹೇಳಲು ಪತ್ರಕರ್ತರು ಈಗ ಒದ್ದಾಡುತ್ತಾರೆ, ಅದು ಬೇರೆ ಮಾತು.

ಶೆರೀಫನ ಹಳೆಯ ಪದ್ಧತಿಯನ್ನು ಕಣ್ಣಾರೆ ನೋಡಬೇಕೆಂದರೆ ತಾಲ್ಲೂಕು ಕೋರ್ಟಿಗೆ ಹೋಗಬೇಕು. ಅಮೀನರು ಸಮನ್ಸ್ ಹಿಡಿದು ಮನೆಗೆ ಹೋಗುತ್ತಾರೆ. ಪ್ರತಿವಾದಿ ತೆಗೆದುಕೊಳ್ಳಲು ಒಪ್ಪದಿದ್ದರೆ ಪ್ರತಿಯನ್ನು ಬಾಗಿಲಿಗೆ ಅಂಟಿಸುತ್ತಾರೆ. ಯಾವಾಗ, ಹೇಗೆ, ಯಾರ ಎದುರು ಅಂಟಿಸಿದೆ ಎಂದು ಮೂಲ ಸಮನ್ಸ್ ಮೇಲೆಯೇ ಷರಾ ಬರೆದು, ಇಲ್ಲವೇ ವರದಿ ಲಗತ್ತಿಸಿ ಕೋರ್ಟಿಗೆ ಒಪ್ಪಿಸುತ್ತಾರೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶ ಹೇಳುವುದು ಇದನ್ನೇ. ‘ಸಮನ್ಸ್ ರಿಟರ್ನ್ ಆಗಿದೆ’ ಎಂದು ವಕೀಲರು ಹೇಳುವಾಗ ಪದ ತನ್ನ ಹಳೆಯ ಅರ್ಥದಲ್ಲೇ ಇರುತ್ತದೆ. ತಹಶೀಲ್ದಾರ್ ಕಚೇರಿಯಿಂದ ನಿಮ್ಮ ಅರ್ಜಿಗೆ ಬರುವ ‘ಹಿಂಬರಹ’ ಕೂಡ ಇದೇ ಜಾತಿಯದು. ಹಾಳೆಯ ಹಿಂದೆ ಬರೆದದ್ದು ಎಂಬುದೇ ಆ ಹೆಸರಿನ ಅರ್ಥ. ಈಗ ಅದು ಬೇರೆ ಹಾಳೆಯ ಮೇಲೆ, ಮುಂಬದಿಯಲ್ಲೇ ಬರುತ್ತದೆ.

ಇನ್ನು ತೆರಿಗೆ. ಫ್ರಾನ್ಸ್ ಜೊತೆಗಿನ ಯುದ್ಧದ ಖರ್ಚಿಗೆಂದು ಪ್ರಧಾನಿ ವಿಲಿಯಂ ಪಿಟ್ 1799ರಲ್ಲಿ ಬ್ರಿಟನ್ನಿನಲ್ಲಿ ಆದಾಯ ತೆರಿಗೆ ತಂದರು. ಯಾರ ಆದಾಯ ಎಷ್ಟು ಎಂದು ಸರ್ಕಾರಕ್ಕೆ ಹೇಗೆ ಗೊತ್ತಾಗಬೇಕು? ಕೇಳಬೇಕು, ಅವರು ಬರೆದು ಕೊಡಬೇಕು. ಆ ಉತ್ತರ ಇಲ್ಲೂ ರಿಟರ್ನ್. 1857ರ ದಂಗೆಯ ನಂತರ ಖಜಾನೆ ಬರಿದಾದಾಗ ವೈಸ್‌ರಾಯ್ ಮಂಡಳಿಯಲ್ಲಿ ಹಣಕಾಸು ನೋಡಿಕೊಳ್ಳುತ್ತಿದ್ದ ಜೇಮ್ಸ್ ವಿಲ್ಸನ್ ಅದನ್ನು ಭಾರತಕ್ಕೂ ತಂದರು. ಕಾಯ್ದೆಗೆ ಒಪ್ಪಿಗೆ ಸಿಕ್ಕಿದ್ದು 1860ರ ಜುಲೈ 24ರಂದು. ಮುಂದಿನ ತಿಂಗಳೇ ವಿಲ್ಸನ್ ಕಲ್ಕತ್ತಾದಲ್ಲಿ ತೀರಿಕೊಂಡರು. 1922ರ ಕಾಯ್ದೆಯಲ್ಲಿ ಅಧಿಕಾರಿ ನೋಟಿಸ್ ಕೊಟ್ಟು ಕೇಳುತ್ತಿದ್ದರು, ಕೇಳಿಸಿಕೊಂಡವರು ನಮೂನೆ ತುಂಬಿ ಕಳಿಸುತ್ತಿದ್ದರು. ಆಗ ಪದದ ಅರ್ಥ ತಾನಾಗಿ ತಿಳಿಯುತ್ತಿತ್ತು. ಈಗ ಯಾರೂ ಕೇಳುವ ಮೊದಲೇ ಗಡುವಿನೊಳಗೆ ಉತ್ತರ ಕೊಡಬೇಕು. ಪ್ರಶ್ನೆಯೇ ಕಣ್ಣಿಗೆ ಬೀಳದ ಮೇಲೆ ರಿಟರ್ನ್ ಒಂದು ಉತ್ತರ ಎಂದು ಹೊಳೆಯುವುದಾದರೂ ಹೇಗೆ?

ಈ ಉತ್ತರಗಳು ಬಂದು ಸೇರುವ ದೊಡ್ಡ ಜಾಗ ನಮ್ಮ ಬೆಂಗಳೂರೇ. ಆದಾಯ ತೆರಿಗೆ ಇಲಾಖೆಯ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ ಇರುವುದು ಇಲ್ಲಿ. ಆನ್‌ಲೈನ್‌ನಲ್ಲಿ ರಿಟರ್ನ್ ಹಾಕಿದ ಮೇಲೂ ಐಟಿಆರ್-ವಿ ಎಂಬ ಹಾಳೆಗೆ ಸಹಿ ಮಾಡಿ ಅಂಚೆಯಲ್ಲಿ ಕಳಿಸಬೇಕಿದ್ದ ವರ್ಷಗಳಲ್ಲಿ ದೇಶದ ಮೂಲೆಮೂಲೆಯ ಜನ ಲಕೋಟೆಯ ಮೇಲೆ ಎಲೆಕ್ಟ್ರಾನಿಕ್ ಸಿಟಿ ಅಂಚೆ ಕಚೇರಿಯ ವಿಳಾಸ ಬರೆದಿದ್ದಾರೆ. ಈಗ ಆಧಾರ್ ಒಟಿಪಿ ಸಾಕು, ಅಂಚೆ ಅಪರೂಪ.

ಅಂಗಡಿಯವರ ಇನ್ನೊಂದು ತಕರಾರು ಜಿಎಸ್‌ಟಿಯದು: ‘ಈ ತಿಂಗಳು ವ್ಯಾಪಾರವೇ ಆಗಿಲ್ಲ, ರಿಟರ್ನ್ ಯಾಕೆ ಹಾಕಬೇಕು?’ ರಿಟರ್ನ್ ಎಂದರೆ ದುಡ್ಡು ಎಂದುಕೊಂಡರೆ ಇದು ನ್ಯಾಯವಾದ ಪ್ರಶ್ನೆ. ಉತ್ತರ ಎಂದುಕೊಂಡರೆ ಹಾಗಲ್ಲ, ‘ಸಿಗಲಿಲ್ಲ’ ಎಂದು ಬರೆಯುವ ಕೆಲಸ ಶೆರೀಫನಿಗೂ ತಪ್ಪಿರಲಿಲ್ಲ ಅಲ್ವಾ? ಇದಕ್ಕೆ ನಿಲ್ ರಿಟರ್ನ್ ಎನ್ನುತ್ತಾರೆ. 2020ರ ಜೂನ್‌ನಿಂದ ಜಿಎಸ್‌ಟಿಆರ್-3ಬಿ ಎಂಬ ಸಾರಾಂಶ ನಮೂನೆಯ ನಿಲ್ ರಿಟರ್ನನ್ನು 14409 ನಂಬರಿಗೆ ಎಸ್ಸೆಮ್ಮೆಸ್ ಕಳಿಸಿಯೂ ಸಲ್ಲಿಸಬಹುದು. ಅದನ್ನೂ ಮಾಡದೆ ಸುಮ್ನೆ ಕೂತರೆ ದಿನಕ್ಕೆ 20 ರೂಪಾಯಿ ವಿಳಂಬ ಶುಲ್ಕ ಬೀಳುತ್ತದೆ.