ಗ್ಯಾಸ್ಟ್ರಿಕ್: ಗ್ಯಾಸಿನ ನೆಂಟನಲ್ಲದ ಪದ

“ಬೆನ್ನಿಗೆ ಗ್ಯಾಸ್ಟ್ರಿಕ್ ಹಿಡ್ಕೊಂಡಿದೆ” ಎಂದು ಒಬ್ಬರು ಹೇಳಿದ್ದನ್ನು ಮೊನ್ನೆ ಕೇಳಿದೆ. ತಲೆಗೇರಿದ ಗ್ಯಾಸ್ಟ್ರಿಕ್, ಭುಜಕ್ಕೆ ಹೊಡೆದ ಗ್ಯಾಸ್ಟ್ರಿಕ್, ಮಂಡಿಗಿಳಿದ ಗ್ಯಾಸ್ಟ್ರಿಕ್ ಎಲ್ಲವೂ ಮೊದಲೇ ಕಿವಿಗೆ ಬಿದ್ದಿದ್ದವು. ಬೆನ್ನೊಂದು ಬಾಕಿ ಇತ್ತು. ಇನ್ನು ಸುಮ್ಮನಿರುವುದು ಕಷ್ಟ.

ಗ್ಯಾಸ್ಟ್ರಿಕ್ ಎನ್ನುವುದು ರೋಗದ ಹೆಸರಲ್ಲ. ‘ಜಠರದ’, ‘ಜಠರಕ್ಕೆ ಸೇರಿದ’ ಎಂಬ ವಿಶೇಷಣ, ಅಷ್ಟೇ. ಗ್ಯಾಸ್ಟ್ರಿಕ್ ಜ್ಯೂಸ್ ಅಂದರೆ ಜಠರರಸ, ಗ್ಯಾಸ್ಟ್ರಿಕ್ ಅಲ್ಸರ್ ಅಂದರೆ ಜಠರದ ಹುಣ್ಣು. ‘ನನಗೆ ಗ್ಯಾಸ್ಟ್ರಿಕ್ ಇದೆ’ ಅಂದರೆ ‘ನನಗೆ ಜಠರದ ಇದೆ’ ಅಂದ ಹಾಗಾಯಿತು. ಜಠರದ ಏನು? ಉತ್ತರವಿಲ್ಲ. ಆದರೂ ಈ ವ್ಯಾಕರಣಕ್ಕೆ ನನ್ನ ತಕರಾರಿಲ್ಲ. ಎರವಲು ಬಂದ ಪದ ಹೊಸ ಮನೆಯಲ್ಲಿ ವೇಷ ಬದಲಿಸುವುದು ಹೊಸದೇನಲ್ಲ. ತಕರಾರು ಇರುವುದು ಮೊದಲಕ್ಷರ ನೋಡಿ ‘ಗ್ಯಾಸ್’ನಿಂದ ‘ಗ್ಯಾಸ್ಟ್ರಿಕ್’ ಹುಟ್ಟಿತು ಎಂದು ನಂಬುವುದರ ಬಗ್ಗೆ. ಓದಿಕೊಂಡವರೂ ಹಾಗೇ ನಂಬಿದ್ದಾರೆ.

ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಗ್ಯಾಸ್ಟ್ರಿಕ್ ಬಂದದ್ದು ಗ್ರೀಕಿನ ‘ಗ್ಯಾಸ್ಟೆರ್’ ಎಂಬ ಬಹಳ ಹಳೆಯ ಪದದಿಂದ. ಅದಕ್ಕೆ ಹೊಟ್ಟೆ ಎಂಬ ಅರ್ಥವೂ ಇತ್ತು, ಬಸಿರು ಎಂಬ ಅರ್ಥವೂ ಇತ್ತು. ಸಂಸ್ಕೃತದ ‘ಜಠರ’ಕ್ಕೂ ಇವೆರಡೂ ಅರ್ಥ ಇರುವುದು ಕಾಕತಾಳೀಯವೋ ಏನೋ, ನೋಡಲು ಚೆಂದ. ‘ಗ್ಯಾಸ್’ ಹಾಗಲ್ಲ. ಅದನ್ನು ಒಬ್ಬ ಮನುಷ್ಯ ಕೂತು ಹುಟ್ಟಿಸಿದ್ದು. 17ನೇ ಶತಮಾನದಲ್ಲಿ ಬ್ರಸೆಲ್ಸ್ ಬಳಿ ಪ್ರಯೋಗ ಮಾಡಿಕೊಂಡಿದ್ದ ಯಾನ್ ಬ್ಯಾಪ್ಟಿಸ್ಟ್ ಫಾನ್ ಹೆಲ್ಮಾಂಟ್ 62 ಪೌಂಡು ಇದ್ದಿಲು ಸುಟ್ಟಾಗ ಉಳಿದದ್ದು 1 ಪೌಂಡು ಬೂದಿ. ಮಿಕ್ಕ 61 ಪೌಂಡು ಕಣ್ಣಿಗೆ ಕಾಣದ ಏನೋ ಒಂದಾಗಿ ಹೋಯಿತು ಎಂದು ಅವನು ತರ್ಕಿಸಿದ. ಪಾತ್ರೆಯಲ್ಲಿ ಹಿಡಿದಿಡಲು ಬಾರದ, ಆಕಾರವಿಲ್ಲದ ಆ ವಸ್ತುವಿಗೆ ಹೆಸರು ಬೇಕಿತ್ತು. ಗ್ರೀಕಿನ ‘ಖಾಓಸ್’, ಅಂದರೆ ಸೃಷ್ಟಿಗೂ ಮೊದಲಿನ ರೂಪವಿಲ್ಲದ ಸ್ಥಿತಿ, ಅವನ ತಲೆಯಲ್ಲಿತ್ತು. ಅವನ ಭಾಷೆಯಲ್ಲಿ ‘ಗ’ ಬರೆದರೂ ಉಚ್ಚಾರಣೆ ‘ಖ’ದ ಹತ್ತಿರ. ಹಾಗಾಗಿ ಗ್ಯಾಸ್. ಅವನು 1644ರಲ್ಲಿ ತೀರಿಕೊಂಡ ಮೇಲೆ, 1648ರಲ್ಲಿ ಅವನ ಬರಹಗಳು ಅಚ್ಚಾದವು. ಒಂದು ಪದಕ್ಕೆ ಹೊಟ್ಟೆ ಮೂಲ, ಇನ್ನೊಂದಕ್ಕೆ ಇದ್ದಿಲ ಹೊಗೆ.

ಇದು ಬರೀ ಪಂಡಿತರ ತಲೆಹರಟೆಯಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಹೊಟ್ಟೆಯ ವಾಯುವಿನ ಬಹುಪಾಲು ಹುಟ್ಟುವುದು ಜಠರದಲ್ಲಿ ಅಲ್ಲವೇ ಅಲ್ಲ. ಜಠರ ಆಮ್ಲದ ಚೀಲ, ಅಲ್ಲಿ ಬ್ಯಾಕ್ಟೀರಿಯಾ ಬದುಕುವುದೇ ದುಸ್ತರ. ಅಲ್ಲಿರುವ ಗಾಳಿ ಹೆಚ್ಚಾಗಿ ಊಟದ ಜೊತೆ, ಮಾತಿನ ಜೊತೆ ನಾವೇ ನುಂಗಿದ್ದು. ಅದು ತೇಗಾಗಿ ವಾಪಸು ಬರುತ್ತದೆ. ಹೊಟ್ಟೆ ಉಬ್ಬಿಸುವ ವಾಯು ತಯಾರಾಗುವುದು ಇನ್ನೂ ಬಹಳ ಕೆಳಗೆ, ದೊಡ್ಡಕರುಳಿನಲ್ಲಿ. ನಾವು ಅರಗಿಸಿಕೊಳ್ಳದೆ ಬಿಟ್ಟದ್ದನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಬಿಡುತ್ತವೆ. ಊಟ ಅಲ್ಲಿಗೆ ತಲುಪಲು ಗಂಟೆಗಳೇ ಬೇಕು. ಎರಡನೇ ತುತ್ತಿಗೇ ‘ಇದು ನನಗೆ ಗ್ಯಾಸ್ಟ್ರಿಕ್’ ಎಂದು ತಟ್ಟೆ ಸರಿಸುವವರ ಹೊಟ್ಟೆಯಲ್ಲಿ ಗುಡುಗುತ್ತಿರುವುದು ಬಹುತೇಕ ಹಿಂದಿನ ಊಟ.

ಸೋಡಾಪುಡಿಯ ಪ್ರಕರಣ ನನಗೆ ಬಹಳ ಪ್ರಿಯ. ಎದೆ ಉರಿಯುತ್ತದೆ. ನೊರೆಯುಕ್ಕುವ ಪುಡಿಯನ್ನು ನೀರಿಗೆ ಹಾಕಿ ಕುಡಿಯುತ್ತಾರೆ. ಎರಡು ನಿಮಿಷಕ್ಕೆ ಉದ್ದನೆಯ ತೇಗು. ‘ನೋಡಿ, ಎಷ್ಟು ಗ್ಯಾಸ್ ತುಂಬಿತ್ತು!’ ಎಂಬ ಉದ್ಗಾರ. ಸ್ವಾಮಿ, ಆ ಗ್ಯಾಸ್ ಬಂದದ್ದು ಪೊಟ್ಟಣದಿಂದ. ಸೋಡಾ ಜಠರದ ಆಮ್ಲವನ್ನು ಸೇರಿದರೆ ಉಪ್ಪು, ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಉರಿ ಕಡಿಮೆಯಾದದ್ದು ಆಮ್ಲ ತಗ್ಗಿದ್ದರಿಂದ, ತೇಗು ಬಂದದ್ದು ಔಷಧಿಯೇ ಗ್ಯಾಸ್ ಹುಟ್ಟಿಸಿದ್ದರಿಂದ. ಹೀಗೆ ಪ್ರತಿ ಸಲ ತಪ್ಪು ತಿಳಿವಳಿಕೆಗೆ ಸಾಕ್ಷಿ ಸಿಗುತ್ತಾ ಹೋಗುತ್ತದೆ.

ಬೆನ್ನಿಗೆ, ಮಂಡಿಗೆ ಹೋಗುವ ಗ್ಯಾಸ್ ಎಲ್ಲಿಂದ ಬಂತು? ನನ್ನ ಅನುಮಾನ ನಮ್ಮ ಹಳೆಯ ‘ವಾಯು’ವಿನ ಮೇಲೆ. ಆಯುರ್ವೇದದ ವಾತ ಮೈಯೆಲ್ಲ ಸಂಚರಿಸುವಂಥದ್ದು. ಆ ಜಾಗಕ್ಕೆ ಗ್ಯಾಸ್ ಎಂಬ ಪದ ಬಂದು ಕೂತಾಗ ಸಂಚಾರದ ಪರವಾನಗಿಯೂ ಅದಕ್ಕೇ ಸಿಕ್ಕಿತು. ಕರುಳಿನ ಗ್ಯಾಸ್ ಗುಳ್ಳೆಯಾಗಿ ಮಾಂಸಖಂಡಕ್ಕೆ ನುಗ್ಗುವುದಿಲ್ಲ. ಒಂದಿಷ್ಟು ಹೈಡ್ರೋಜನ್ ರಕ್ತದಲ್ಲಿ ಕರಗಿ ಶ್ವಾಸಕೋಶದ ಮೂಲಕ ಹೊರಬೀಳುವುದು ನಿಜ. ಹಾಲಿನ ಸಕ್ಕರೆ ಅರಗುತ್ತದೋ ಇಲ್ಲವೋ ಎಂದು ಉಸಿರಿನಲ್ಲೇ ಪರೀಕ್ಷಿಸುವುದು ಇದರಿಂದಲೇ. ಆದರೆ ಉಸಿರಲ್ಲಿ ಹೋಗುವ ಹೈಡ್ರೋಜನ್ ಬೆನ್ನು ಹಿಡಿಯುವುದಿಲ್ಲ.

ಸೂಕ್ಷ್ಮ ಹೊಟ್ಟೆಯವರಿಗೆ ಇದರಿಂದ ಆಗುವ ನಷ್ಟ ಅಡುಗೆಮನೆಯಲ್ಲಿ ಕಾಣುತ್ತದೆ. ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ಅಜೀರ್ಣ, ಎಲ್ಲಕ್ಕೂ ಒಂದೇ ಹೆಸರಿಟ್ಟಮೇಲೆ ಎಲ್ಲಕ್ಕೂ ಒಂದೇ ಪಥ್ಯ. ಎದೆಯುರಿ ಎಂದರೆ ಜಠರದ ಆಮ್ಲ ಅನ್ನನಾಳಕ್ಕೆ ಮೇಲೇರುವುದು. ಅಂಥವರು ರಾತ್ರಿ ಹೊಟ್ಟೆ ಬಿರಿಯುವಷ್ಟು ಉಂಡು ಕೂಡಲೇ ಮಲಗಬಾರದು, ಎರಡು ಮೂರು ಗಂಟೆ ಬಿಡಬೇಕು, ಹಾಸಿಗೆಯ ತಲೆಭಾಗ ಎತ್ತರಿಸಿಕೊಂಡರೆ ಇನ್ನೂ ಒಳ್ಳೆಯದು. ಅವರಿಗೆ ‘ಗ್ಯಾಸ್ಟ್ರಿಕ್ ಇದೆ, ಕಾಳು ತಿನ್ನಬೇಡಿ’ ಎನ್ನುವ ಸಲಹೆ! ಇತ್ತ ಹೊಟ್ಟೆ ಉಬ್ಬರಿಸುವವರ ಕೈಗೆ ಆಮ್ಲ ತಗ್ಗಿಸುವ ಮಾತ್ರೆ. ಹುದುಗುವಿಕೆ ನಡೆಯುವುದು ಕರುಳಿನಲ್ಲಿ, ಮಾತ್ರೆ ಕೆಲಸ ಮಾಡುವುದು ಜಠರದಲ್ಲಿ.

ಹಾಲನ್ನೇ ತೆಗೆದುಕೊಳ್ಳಿ. ‘ಗ್ಯಾಸ್ಟ್ರಿಕ್‌ಗೆ ತಣ್ಣನೆಯ ಹಾಲು’ ಎನ್ನುವವರಿದ್ದಾರೆ, ‘ಗ್ಯಾಸ್ಟ್ರಿಕ್ ಇದ್ದರೆ ಹಾಲು ಮುಟ್ಟಬೇಡಿ’ ಎನ್ನುವವರೂ ಇದ್ದಾರೆ. ಎರಡೂ ಅರ್ಧ ಸರಿ, ಏಕೆಂದರೆ ಹೇಳುತ್ತಿರುವುದು ಎರಡು ಬೇರೆ ತೊಂದರೆಗಳ ಬಗ್ಗೆ. ಉರಿಗೆ ಹಾಲು ಸ್ವಲ್ಪ ಹೊತ್ತು ತಂಪೆನಿಸುತ್ತದೆ, ಆಮೇಲೆ ಆ ಹಾಲೇ ಆಮ್ಲ ಸ್ರವಿಸುವಂತೆ ಮಾಡುತ್ತದೆ. ಉಬ್ಬರದವರಲ್ಲಿ ಹಾಲಿನ ಸಕ್ಕರೆ ಅರಗಿಸುವ ಲ್ಯಾಕ್ಟೇಸ್ ಕಿಣ್ವ ಕಡಿಮೆಯಿದ್ದರೆ ಆ ಸಕ್ಕರೆ, ಅಂದರೆ ಲ್ಯಾಕ್ಟೋಸ್, ನೇರ ಬ್ಯಾಕ್ಟೀರಿಯಾಗಳ ಪಾಲು. ಅವರಲ್ಲೂ ಹೆಚ್ಚಿನವರಿಗೆ ಒಂದು ಲೋಟ ಹಾಲು, ಅಂದರೆ ಸುಮಾರು 12 ಗ್ರಾಂ ಲ್ಯಾಕ್ಟೋಸ್, ಊಟದ ಜೊತೆ ಕುಡಿದರೆ ದೊಡ್ಡ ತೊಂದರೆ ಮಾಡದು. ಮೊಸರು ಇನ್ನೂ ಸಲೀಸು. ಹಾಲು, ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಾಳುಗಳಲ್ಲಿರುವ ಹೀಗೆ ಸುಲಭವಾಗಿ ಹುದುಗುವ ಸಕ್ಕರೆಗಳಿಗೆ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ಫಾಡ್‌ಮ್ಯಾಪ್ ಎಂದು ಹೆಸರಿಟ್ಟರು. ಅವುಗಳನ್ನು ಬಿಡುವ ಪಥ್ಯ ಕೆಲವು ವಾರಗಳದ್ದು ಮಾತ್ರ. ಆಮೇಲೆ ಒಂದೊಂದಾಗಿ ತಿಂದು ನೋಡಿ ಯಾವುದು ತೊಂದರೆ ಕೊಡುತ್ತದೆ ಎಂದು ಹುಡುಕಬೇಕು. ಜೀವನವಿಡೀ ಎಲ್ಲವನ್ನೂ ಬಿಟ್ಟು ಕೂರುವುದು ಅದರ ಉದ್ದೇಶವಲ್ಲ.

ಗ್ಯಾಸ್ಟ್ರೈಟಿಸ್ ಬೇರೆಯೇ ಮಾತು, ಅದು ಜಠರದ ಒಳಪೊರೆಯ ಉರಿಯೂತ. ಜಠರದ ಹುಣ್ಣಿಗೆ ಖಾರ ಕಾರಣ ಎಂಬ ನಂಬಿಕೆ ಇನ್ನೂ ಸತ್ತಿಲ್ಲ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಪಾತ್ರವನ್ನು ತೋರಿಸಲು ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ 1984ರಲ್ಲಿ ಅದನ್ನು ತಾನೇ ಕುಡಿದು ಗ್ಯಾಸ್ಟ್ರೈಟಿಸ್ ಬರಿಸಿಕೊಂಡರು. 2005ರಲ್ಲಿ ಅವರಿಗೂ ಸಹೋದ್ಯೋಗಿ ರಾಬಿನ್ ವಾರೆನ್‌ಗೂ ನೊಬೆಲ್ ಬಂತು. ಹುಣ್ಣಿಗೆ ಇನ್ನೊಂದು ದೊಡ್ಡ ಕಾರಣ ಐಬುಪ್ರೊಫೆನ್, ಆಸ್ಪಿರಿನ್ ಥರದ ನೋವಿನ ಮಾತ್ರೆಗಳು. ‘ತಲೆಗೇರಿದ ಗ್ಯಾಸ್ಟ್ರಿಕ್’ ಇಳಿಸಲು ಜನ ನುಂಗುವುದೂ ಇವನ್ನೇ!

ಇಲ್ಲಿಯವರೆಗಿನದ್ದು ಕಿರಿಕಿರಿ, ಎದೆಯ ವಿಷಯ ಹಾಗಲ್ಲ. ಹೃದಯದ ಕೆಳಭಾಗದ ರಕ್ತನಾಳ ಕಟ್ಟಿಕೊಂಡಾಗ ನೋವು ಮೇಲುಹೊಟ್ಟೆಯಲ್ಲೇ ಕಾಣಿಸಿಕೊಳ್ಳಬಹುದು, ಜೊತೆಗೆ ವಾಕರಿಕೆ, ವಾಂತಿ. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆ ಹಿಂಡುವ ನೋವು ಇಲ್ಲದೆಯೂ ಹೃದಯಾಘಾತವಾಗಬಹುದು. ತೇಗು ಬಂದು ಹಗುರವೆನಿಸಿದರೂ ಹೃದಯ ಸರಿಯಿದೆ ಎಂದು ಅರ್ಥವಲ್ಲ. ತಣ್ಣನೆಯ ಬೆವರು, ಉಸಿರು ಕಟ್ಟುವುದು, ದವಡೆಗೋ ತೋಳಿಗೋ ಹರಡುವ ನೋವು ಇದ್ದರೆ ಸೋಡಾಪುಡಿ ಹುಡುಕದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇಸಿಜಿಗೆ ಹಿಡಿಯುವುದು ಐದಾರು ನಿಮಿಷ. ಅದು ಸರಿಯಾಗಿ ಬಂದರೂ ವೈದ್ಯರು ರಕ್ತದಲ್ಲಿ ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದಾಗ ಹೆಚ್ಚುವ ಪ್ರೋಟೀನ್) ನೋಡಿ, ಕೆಲವು ಗಂಟೆ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಅಷ್ಟು ಹೊತ್ತು ಅಲ್ಲೇ ಇರಿ ಎಂದರೆ ‘ಬರೀ ಗ್ಯಾಸ್ಟ್ರಿಕ್ ಡಾಕ್ಟ್ರೇ’ ಎಂದು ಎದ್ದು ಬರಬೇಡಿ.