ಹಳೆಯ ಡೆಸ್ಕ್‌ಟಾಪಿನಲ್ಲಿ ಹಳತಾಗುವುದು ಯಾವುದು?

ದಾವಣಗೆರೆಯಂಥ ಮೆಕ್ಕೆಜೋಳದ ಊರಿನಲ್ಲಿ ಲಾರಿ ತೂಗುವ ವೇ ಬ್ರಿಡ್ಜ್ ಕೋಣೆಯೊಳಗೆ ಹದಿನೈದು ವರ್ಷದ ಕಂಪ್ಯೂಟರ್ ಇನ್ನೂ ದುಡಿಯುತ್ತಿದ್ದರೆ ಅದಕ್ಕೆ ಜಿಪುಣತನ ಕಾರಣವಲ್ಲ. ಲಾರಿ ತಟ್ಟೆಯ ಮೇಲೆ ನಿಂತಾಗ ತೂಕ ತೋರಿಸುವ ಇಂಡಿಕೇಟರ್ ಆ ಅಂಕಿಯನ್ನು ಕಳಿಸುವುದು ಕಂಪ್ಯೂಟರಿನ 9 ಪಿನ್ನಿನ ಸೀರಿಯಲ್ ಪೋರ್ಟಿಗೆ. ಆರ್‌ಎಸ್-232 ಎಂಬ ಈ ಪದ್ಧತಿ 1960ರದು. ಹೊಸ ಡೆಸ್ಕ್‌ಟಾಪ್‌ಗಳಲ್ಲಿ ಈ ಪೋರ್ಟ್ ಅಪರೂಪವಾಗಿದೆ. ಯುಎಸ್‌ಬಿ ಪರಿವರ್ತಕ ಸಿಗುತ್ತದೆ. ಆದರೆ ಅದನ್ನು ಬೇರೆ ತೂತಿಗೆ ಸಿಕ್ಕಿಸಿದರೆ ಪೋರ್ಟಿನ ಸಂಖ್ಯೆ ಬದಲಾಗಬಹುದು, ಆಗ ಹಳೆಯ ತಂತ್ರಾಂಶಕ್ಕೆ ತೂಕವೇ ಕಾಣುವುದಿಲ್ಲ. ಕಾರ್ಬನ್ ಪ್ರತಿಯೊಂದಿಗೆ ಬಿಲ್ ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಅದಕ್ಕೆ ಬೇಕಾದ ಕಂಪ್ಯೂಟರಿನ 25 ಪಿನ್ನಿನ ಪ್ಯಾರಲಲ್ ಪೋರ್ಟ್ ಕತೆಯೂ ಇದೇ.

ಹೀಗೆ ವಿಶೇಷ ಕೆಲಸಕ್ಕೆ ಕಟ್ಟಿಹಾಕಿದ ಯಂತ್ರಗಳು ಮಾತ್ರವಲ್ಲ, ಜೆರಾಕ್ಸ್ ಅಂಗಡಿ, ಶಾಲೆ, ಮನೆಗಳಲ್ಲಿ ‘ಸ್ಲೋ ಆಗಿದೆ’ ಎಂದು ಮೂಲೆಗೆ ತಳ್ಳಿದ ಎಷ್ಟೋ ಡೆಸ್ಕ್‌ಟಾಪ್‌ಗಳಲ್ಲೂ ಪ್ರೊಸೆಸರ್ ಚೆನ್ನಾಗಿಯೇ ಇರುತ್ತದೆ. 2012ರ ಕೋರ್ ಐ5-3470ಕ್ಕೆ ನಾಲ್ಕು ಕೋರ್‌ಗಳಿವೆ, ವೇಗ 3.2 ಗಿಗಾಹರ್ಟ್ಸ್. ಪತ್ರ ಟೈಪು ಮಾಡಲು, ಲೆಕ್ಕ ಬರೆಯಲು, ಆನ್‌ಲೈನ್ ಅರ್ಜಿ ತುಂಬಲು ಇದು ಇವತ್ತಿಗೂ ಧಾರಾಳ. ಸವೆಯುವುದು ಅದರ ಸುತ್ತ ಇರುವ ಭಾಗಗಳು: ತಿರುಗುವ ಡಿಸ್ಕ್, ಒಣಗುವ ಪೇಸ್ಟ್, ಬತ್ತುವ ಕೆಪಾಸಿಟರ್, ಖಾಲಿಯಾಗುವ ಸೆಲ್. ಹೆಚ್ಚುಕಡಿಮೆ ಎಲ್ಲವನ್ನೂ ಬದಲಿಸಬಹುದು.

ಮೊದಲು ಡಿಸ್ಕ್. ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಬೇಕಾದ ಮಾಹಿತಿ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಸುಮಾರು 4 ಮಿಲಿಸೆಕೆಂಡ್ ಕಾಯಬೇಕು. ತೋಳು ಸರಿಯಾದ ಜಾಡಿಗೆ ಸರಿಯಲು ಇನ್ನೂ 9 ಮಿಲಿಸೆಕೆಂಡ್. ಹೀಗಾಗಿ ಚದುರಿ ಬಿದ್ದ ಸಣ್ಣ ಕಡತಗಳನ್ನು ಸೆಕೆಂಡಿಗೆ ಎಂಬತ್ತರಷ್ಟು ಮಾತ್ರ ಹುಡುಕಿ ತರಲು ಸಾಧ್ಯ. ವಿಂಡೋಸ್ ಶುರುವಾಗುವಾಗ ಇಂಥ ಓದುಗಳು ಸಾವಿರಗಟ್ಟಲೆ. ಅಷ್ಟು ಹೊತ್ತೂ ಪ್ರೊಸೆಸರ್ ಸುಮ್ಮನೆ ಕಾಯುತ್ತಾ ಕೂತಿರುತ್ತದೆ. ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಒಂದು ಓದಿಗೆ ಸುಮಾರು 0.1 ಮಿಲಿಸೆಕೆಂಡ್ ಸಾಕು. ಹಳೆಯ ಬೋರ್ಡಿನಲ್ಲಿ ಡಿಸ್ಕ್ ಜೋಡಿಸುವ ಸಾಟಾ-2 ಪೋರ್ಟ್ ಸೆಕೆಂಡಿಗೆ 300 ಮೆಗಾಬೈಟ್ ದಾಟುವುದಿಲ್ಲ ಎಂದು ಹಿಂಜರಿಯುವವರಿದ್ದಾರೆ. ಹಿಂಜರಿಯಬೇಕಿಲ್ಲ. ಲಾಭ ಬರುವುದು ಕಾಯುವ ಹೊತ್ತು ಕಡಿಮೆಯಾಗುವುದರಿಂದ, ಆ ಲಾಭವನ್ನು ಹಳೆಯ ಪೋರ್ಟ್ ತಡೆಯುವುದಿಲ್ಲ.

240 ಅಥವಾ 256 ಗಿಗಾಬೈಟ್‌ನ 2.5 ಇಂಚಿನ ಎಸ್‌ಎಸ್‌ಡಿ ಸಾಕು. ಹಾಕುವ ಮುನ್ನ ಬಯಾಸ್‌ನಲ್ಲಿ (ಯಂತ್ರ ಆನ್ ಮಾಡಿದೊಡನೆ ತೆರೆಯಬಹುದಾದ ಸೆಟ್ಟಿಂಗ್ ಪರದೆ) ಸಾಟಾ ಮೋಡ್, ಅಂದರೆ ಡಿಸ್ಕಿನೊಡನೆ ಮಾತಾಡುವ ಪದ್ಧತಿ, ಎಎಚ್‌ಸಿಐ ಆಗಿದೆಯೇ ನೋಡಿ, ಆಮೇಲೆ ಹೊಸದಾಗಿ ಇನ್‌ಸ್ಟಾಲ್ ಮಾಡಿ. ಹಳೆಯ ಐಡಿಇ ಮೋಡಿನಲ್ಲಿ ಹಾಕಿದ್ದ ವಿಂಡೋಸನ್ನು ಹಾಗೇ ನಕಲು ಮಾಡಿ ಮೋಡ್ ಬದಲಿಸಿದರೆ ನೀಲಿ ಪರದೆ ಬರುವುದೇ ಹೆಚ್ಚು. RAM ಎರಡು ಗಿಗಾಬೈಟ್ ಇದ್ದರೆ ಎಂಟಕ್ಕೆ ಏರಿಸಿ, ನಾಲ್ಕರ ಎರಡು ಕಡ್ಡಿ ಹಾಕಿದರೆ ಎರಡನ್ನೂ ಒಟ್ಟಿಗೆ ಓದುವ ಡ್ಯುಯಲ್ ಚಾನೆಲ್ ಲಾಭವೂ ಸಿಗುತ್ತದೆ. ಅಗ್ಗಕ್ಕೆ ಸಿಗುವ 8 ಗಿಗಾಬೈಟ್‌ನ ಕೆಲವು ಡಿಡಿಆರ್3 (ಆ ಕಾಲದ RAM ಬಗೆ) ಕಡ್ಡಿಗಳು ಎಎಂಡಿ ಬೋರ್ಡಿನಲ್ಲಿ ಮಾತ್ರ ನಡೆಯುತ್ತವೆ, ಇಂಟೆಲ್ ಬೋರ್ಡಿಗೆ ಹಾಕಿದರೆ ಯಂತ್ರ ಏಳುವುದೇ ಇಲ್ಲ. ಕೊಳ್ಳುವ ಮುಂಚೆ ಕೇಳಿಕೊಳ್ಳಿ.

ಇನ್ನು ಬಿಸಿ ಮತ್ತು ಧೂಳು, ನಮ್ಮ ಕಡೆಯ ನಿಜವಾದ ಶತ್ರುಗಳು. ಪ್ರೊಸೆಸರಿನ ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕ್ ತನ್ನ ಸುತ್ತಲ ಗಾಳಿಗಿಂತ ತಂಪಾಗಲಾರದು. ಜನವರಿಯಲ್ಲಿ 28 ಡಿಗ್ರಿ ಇದ್ದ ಕೋಣೆ ಏಪ್ರಿಲ್‌ನಲ್ಲಿ 38 ಆದರೆ ಒಳಗಿನ ಪ್ರತಿ ಭಾಗವೂ ಹತ್ತು ಡಿಗ್ರಿ ಮೇಲೇರುತ್ತದೆ. ಅದರ ಜೊತೆಗೆ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಧೂಳು ಕಂಬಳಿಯಂತೆ ಕೂತರೆ ಪ್ರೊಸೆಸರ್ 100 ಡಿಗ್ರಿಯ ಹತ್ತಿರ ಬಂದು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ‘ಬೇಸಿಗೆ ಬಂದರೆ ಹ್ಯಾಂಗ್ ಆಗುತ್ತೆ’ ಎಂಬ ದೂರಿನ ಮೂಲ ಬಹಳ ಸಲ ಇದೇ. ವೈರ್ ಕಿತ್ತು, ಪೇಂಟ್ ಬ್ರಷ್ ಮತ್ತು ಬ್ಲೋವರ್‌ನಿಂದ ಧೂಳು ತೆಗೆಯಿರಿ. ಊದುವಾಗ ಫ್ಯಾನನ್ನು ಬೆರಳಿನಿಂದ ಹಿಡಿದಿರಬೇಕು, ಇಲ್ಲದಿದ್ದರೆ ಅತಿವೇಗದಲ್ಲಿ ತಿರುಗಿ ಬೇರಿಂಗ್ ಕೆಡುತ್ತದೆ. ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವಿನ, ಗಟ್ಟಿಯಾದ ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ತೊಗರಿ ಕಾಳಿನಷ್ಟು ಹೊಸ ಪೇಸ್ಟ್ ನಡುವೆ ಇಡಿ. ಇಂಟೆಲ್ ಕೂಲರಿನ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳಲ್ಲಿ ಒಂದು ಸರಿಯಾಗಿ ಕೂರದಿದ್ದರೂ ಹೀಟ್‌ಸಿಂಕ್ ಓರೆಯಾಗಿ ಪಟ್ಟ ಶ್ರಮವೆಲ್ಲ ವ್ಯರ್ಥ. ಬೋರ್ಡನ್ನು ಹಿಂದಿನಿಂದ ನೋಡಿ ನಾಲ್ಕೂ ಹೊರಬಂದಿವೆಯೇ ಎಂದು ಖಾತ್ರಿ ಮಾಡಿಕೊಳ್ಳಿ.

ಬೋರ್ಡಿನ ಮೇಲೆ ಸಣ್ಣ ಡಬ್ಬಿಗಳಂತೆ ನಿಂತು ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರ್‌ಗಳ ಒಳಗಿನ ದ್ರವ ಬಿಸಿಗೆ ಬತ್ತುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಆಯುಷ್ಯ ಅರ್ಧವಾಗುತ್ತದೆ ಎಂಬುದು ತಂತ್ರಜ್ಞರ ಅಂದಾಜು ಸೂತ್ರ. 105 ಡಿಗ್ರಿಯಲ್ಲಿ 2000 ಗಂಟೆ ಬಾಳುವಂತೆ ತಯಾರಾದದ್ದು 65 ಡಿಗ್ರಿಯಲ್ಲಿ 32,000 ಗಂಟೆ ಬಾಳಬಹುದು, ಅಂದರೆ ದಿನಕ್ಕೆ 8 ಗಂಟೆಯಂತೆ ಸುಮಾರು 11 ವರ್ಷ. 75 ಡಿಗ್ರಿಯಲ್ಲಾದರೆ ಐದೂವರೆ ವರ್ಷವಷ್ಟೇ. ಧೂಳು ಹೊಡೆಯುವ ಅರ್ಧ ಗಂಟೆಯ ಬೆಲೆ ಇಲ್ಲಿ ಗೊತ್ತಾಗುತ್ತದೆ. ತಲೆ ಉಬ್ಬಿದ ಕೆಪಾಸಿಟರ್ ಬೋರ್ಡಿನಲ್ಲಿ ಕಂಡರೆ ಬೆಸುಗೆ ಬಲ್ಲವರಿಂದ ಬದಲಿಸಿ. ಕಂಪ್ಯೂಟರಿಗೆ ವಿದ್ಯುತ್ ಹಂಚುವ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ, ವೈರ್ ಕಿತ್ತ ಮೇಲೂ ಅದರೊಳಗೆ 300 ವೋಲ್ಟಿನಷ್ಟು ಉಳಿದಿರಬಹುದು. ಅದರ ಹಳದಿ ತಂತಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25 ವೋಲ್ಟ್ ಮೀಟರಿನಲ್ಲಿ ಕಾಣದಿದ್ದರೆ ಹೊಸದನ್ನೇ ಹಾಕಿ.

ದಿನಾಂಕ ಪ್ರತಿ ಬೆಳಿಗ್ಗೆ ಹಳೆಯ ವರ್ಷಕ್ಕೆ ಜಾರುತ್ತಿದೆಯೇ? ಬ್ಯಾಂಕಿನ, ಸರ್ಕಾರದ ಜಾಲತಾಣಗಳು ‘ಸುರಕ್ಷಿತವಲ್ಲ’ ಎಂದು ತೆರೆಯುತ್ತಿಲ್ಲವೇ? ಯಂತ್ರ ಆಫ್ ಆಗಿದ್ದಾಗಲೂ ಗಡಿಯಾರ ನಡೆಸುವ, ಬೋರ್ಡಿನ ಮೇಲಿನ ಸಿಆರ್2032 ಸೆಲ್ ಬದಲಿಸಿ.

ಎಲ್ಲ ಹಳೆಯದೂ ಉಳಿಸಿಕೊಳ್ಳುವಂಥದ್ದಲ್ಲ. ಪೆಂಟಿಯಂ 4 ಪ್ರೊಸೆಸರಿನ ಯಂತ್ರ ಕರೆಂಟು ತಿಂದಷ್ಟು ಕೆಲಸ ಕೊಡುವುದಿಲ್ಲ. ವಿಶೇಷ ಪೋರ್ಟಿನ ಕೆಲಸವಿಲ್ಲದಿದ್ದರೆ ಅದನ್ನು ಇ-ತ್ಯಾಜ್ಯ ಮರುಬಳಕೆದಾರರಿಗೆ ಕೊಡುವುದೇ ಸರಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಮೇಲೆ ಹೇಳಿದ ಮೂರನೇ ತಲೆಮಾರಿನ ಐ5ಅನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಅಂಥ ಯಂತ್ರಕ್ಕೆ ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಲಿನಕ್ಸ್ ಮಿಂಟ್ ಒಳ್ಳೆಯ ದಾರಿ, ಕನ್ನಡದ ಕಗಪ ಕೀಲಿಮಣೆ ವಿನ್ಯಾಸವೂ ಅದರಲ್ಲಿ ಸಿಗುತ್ತದೆ. ಲಗ್ನಪತ್ರಿಕೆ ಅಚ್ಚು ಹಾಕುವವರ ಬಳಿ ಹಳೆಯ ನುಡಿ ಫಾಂಟಿನ ಕಡತಗಳು ವಿಂಡೋಸ್ ಎಕ್ಸ್‌ಪಿ ಯಂತ್ರದಲ್ಲಿದ್ದರೆ ಅದನ್ನು ಹಾಗೇ ಇಟ್ಟುಕೊಳ್ಳಲಿ, ಇಂಟರ್‌ನೆಟ್ಟಿಗೆ ಮಾತ್ರ ಜೋಡಿಸದಿರಲಿ.

ವೇ ಬ್ರಿಡ್ಜ್ ಯಂತ್ರದ ಡಿಸ್ಕನ್ನು ನಕಲು ಮಾಡಬೇಕಾದದ್ದು ಅದು ಚೆನ್ನಾಗಿ ಓಡುತ್ತಿರುವಾಗಲೇ. ಡಿಸ್ಕ್ ಹೊರತೆಗೆದು ಯುಎಸ್‌ಬಿ ಅಡಾಪ್ಟರ್ ಮೂಲಕ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ, ಡಿಸ್ಕ್ ನಕಲು ಮಾಡುವ ಡಿಡಿರೆಸ್ಕ್ಯೂ ತಂತ್ರಾಂಶ ಬಳಸಿ. ಅದು ಸುಲಭವಾಗಿ ಓದಲು ಸಿಗುವ ಭಾಗವನ್ನು ಮೊದಲು ತೆಗೆದುಕೊಂಡು, ಕೆಟ್ಟ ಸೆಕ್ಟರ್‌ಗಳಿಗೆ ಆಮೇಲೆ ಮರಳುತ್ತದೆ. ನಕಲು ಡಿಸ್ಕನ್ನೇ ಹಾಕಿ ಯಂತ್ರ ಆನ್ ಮಾಡಿ, ಒಂದು ಲಾರಿಯ ತೂಕ ಓದಿಸಿ, ಬಿಲ್ ಹೊಡೆಸಿ. ಎರಡೂ ಸರಿ ಬಂದ ಮೇಲೆ ಹಳೆಯ ಡಿಸ್ಕಿನ ಮೇಲೆ ದಿನಾಂಕ ಬರೆದು ಬೀರುವಿನಲ್ಲಿಡಿ.