ಮೋರಿ ಕೊಚ್ಚಿಹೋದರೆ ದುಡ್ಡು ಎಲ್ಲಿಂದ? ರಸ್ತೆ, ಸೇತುವೆ ಮತ್ತು ವಿಮೆ

2021ರ ನವೆಂಬರ್ ಮಳೆ ಕೋಲಾರದ ಕಡೆಯವರಿಗೆ ನೆನಪಿರುತ್ತದೆ. ಕೆರೆಗಳು ಒಂದರ ಹಿಂದೆ ಒಂದು ಕೋಡಿ ಬಿದ್ದವು. ನಮ್ಮೂರ ಹತ್ತಿರದ ಮೋರಿಯೂ ಆಗಲೇ ಹೋಯಿತು. ಕೆಳಗಿನ ಮಣ್ಣೆಲ್ಲ ಕೊಚ್ಚಿ, ಡಾಂಬರು ಮಾತ್ರ ಹಪ್ಪಳದ ಹಾಗೆ ನೇತಾಡುತ್ತಿತ್ತು. ಪೈಪಿನ ಬಾಯಿಗೆ ನೀಲಗಿರಿ ರೆಂಬೆ, ಪ್ಲಾಸ್ಟಿಕ್ ಸಿಕ್ಕಿಕೊಂಡಿತ್ತು. ಟೊಮೆಟೊ ಗಾಡಿಗಳು ಸುತ್ತು ಹಾಕಿಕೊಂಡು ಮಾರ್ಕೆಟ್ ಸೇರಬೇಕಾಯಿತು. ರಸ್ತೆ, ಸೇತುವೆಗಳ ವಿಮೆಯ ಬಗ್ಗೆ ಒಂದು ಪಾಠ ಓದುವಾಗ ನನ್ನ ಕಣ್ಮುಂದೆ ಇದ್ದದ್ದು ಅದೇ ಮೋರಿ.

ಮೊದಲು ಲೆಕ್ಕ. ‘50 ವರ್ಷಕ್ಕೊಮ್ಮೆ ಬರುವ ಪ್ರವಾಹ’ ಅಂದರೆ ಒಮ್ಮೆ ಬಂದು ಹೋದರೆ ಇನ್ನು 50 ವರ್ಷ ನಿಶ್ಚಿಂತೆ ಅಂತ ಅಲ್ಲ. ಪ್ರತಿ ವರ್ಷವೂ ಅದು ಬರುವ ಸಾಧ್ಯತೆ ನೂರಕ್ಕೆ 2. 30 ವರ್ಷದೊಳಗೆ ಒಮ್ಮೆಯಾದರೂ ಬರುವ ಸಾಧ್ಯತೆ ನೂರಕ್ಕೆ ಸುಮಾರು 45! ಇದನ್ನು ಎರಡು ಸಲ ಓದಿ.

ಸೇತುವೆ ಮತ್ತೆ ಕಟ್ಟಲು 2 ಕೋಟಿ ಬೇಕು ಅಂತಿಟ್ಟುಕೊಳ್ಳಿ. ಅದರಲ್ಲಿ ನೂರಕ್ಕೆ 2 ಅಂದರೆ ವರ್ಷಕ್ಕೆ ಸರಾಸರಿ 4 ಲಕ್ಷ ನಷ್ಟ. ವಿಮಾ ಕಂಪನಿ ತನ್ನ ಖರ್ಚು, ಲಾಭ ಸೇರಿಸಿ ಪ್ರೀಮಿಯಂ ಇದಕ್ಕಿಂತ ಜಾಸ್ತಿಯೇ ಕೇಳುತ್ತದೆ. ಈಗ 10 ಲಕ್ಷ ಹಾಕಿ ಬುಡಕ್ಕೆ ಕಲ್ಲು ಕಟ್ಟಿ, ನೀರಿನ ದಾರಿ ಅಗಲ ಮಾಡಿದ್ದರಿಂದ ಅಪಾಯ ನೂರಕ್ಕೆ 1ಕ್ಕೆ ಇಳಿಯಿತು ಅನ್ನಿ. ವರ್ಷಕ್ಕೆ 2 ಲಕ್ಷ ಉಳಿಯಿತು, 5 ವರ್ಷದಲ್ಲಿ ಹಾಕಿದ ದುಡ್ಡು ವಾಪಸ್. ಹಾಗಾಗಿ ಗಟ್ಟಿ ಮಾಡುವುದು ಮೊದಲು, ಉಳಿದ ಅಪಾಯಕ್ಕೆ ವಿಮೆ ಆಮೇಲೆ. ಗುಂಡಿ, ಹೂಳಿನಂಥ ಸಣ್ಣ ಕೆಲಸಕ್ಕೆ ನಿರ್ವಹಣೆ ಹಣವೇ ಸರಿ. ಅದಕ್ಕೆಲ್ಲ ಪ್ರೀಮಿಯಂ ಕಟ್ಟುವುದು ಸುಮ್ನೆ ದಂಡ.

ಕಾಮಗಾರಿ ನಡೆಯುವಾಗ ಗುತ್ತಿಗೆದಾರರು ‘ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್’ ಪಾಲಿಸಿ, ಅಂದರೆ ಕಟ್ಟುವಾಗ ಆಗುವ ಹಾನಿಗೆ ವಿಮೆ, ಮಾಡಿಸುತ್ತಾರೆ. ಅದರ ಅವಧಿ ಮುಗಿದ ಮೇಲೆ ರಸ್ತೆಯ ಹೊಣೆ ಸಾಮಾನ್ಯವಾಗಿ ಸರ್ಕಾರದ್ದು.

ಇನ್ನು ‘ಪ್ಯಾರಾಮೆಟ್ರಿಕ್’ ವಿಮೆ. ಹೆಸರು ಕೇಳಿ ಗಾಬರಿ ಬೇಡ. ನಮ್ಮ ರೈತರಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಗೊತ್ತು, ಅಲ್ವಾ? ತೋಟದ ನಷ್ಟ ಅಳೆಯುವುದಿಲ್ಲ, ಹವಾಮಾನ ಕೇಂದ್ರದ ಅಂಕಿ ನೋಡಿ ಪರಿಹಾರ ಕೊಡುತ್ತಾರೆ. ಇದೂ ಹಾಗೇ, ಮಳೆ, ಭೂಕಂಪದಂಥದ್ದರ ಅಂಕಿ ಮೊದಲೇ ಗೊತ್ತುಮಾಡಿದ ಮಿತಿ ದಾಟಿದರೆ ದುಡ್ಡು. ದೊಡ್ಡ ಲಾಭ ಅಂದರೆ ದುಡ್ಡು ಬೇಗ ಬರುತ್ತದೆ. 2010ರ ಭೂಕಂಪವಾದ ಎರಡೇ ವಾರದಲ್ಲಿ ಹೈಟಿ ದೇಶಕ್ಕೆ ಕೆರಿಬಿಯನ್ ದೇಶಗಳ ಜಂಟಿ ವಿಮಾ ನಿಧಿಯಿಂದ ಸುಮಾರು 77 ಲಕ್ಷ ಡಾಲರ್ ಸಿಕ್ಕಿತು. ನಮ್ಮಲ್ಲಿ ನಾಗಾಲ್ಯಾಂಡ್ 2024ರಲ್ಲಿ ಇಂಥ ವಿಮೆಗೆ ಒಪ್ಪಂದ ಮಾಡಿಕೊಂಡಿದೆ.

ತೊಂದರೆಯೂ ಇದೆ. ಮಳೆ ಸುರಿದದ್ದು ಮೇಲಿನ ಹೋಬಳಿಯಲ್ಲಿ, ಕೋಡಿ ನೀರು ನುಗ್ಗಿದ್ದು ನಮ್ಮ ಮೋರಿಗೆ ಅನ್ನಿ. ನಮ್ಮ ಮಳೆ ಮಾಪಕದಲ್ಲಿ ಅಂಕಿ ಕಮ್ಮಿ. ರಸ್ತೆಯೂ ಹೋಯಿತು, ದುಡ್ಡೂ ಇಲ್ಲ. ಕೆರೆಯಿಂದ ಕೆರೆಗೆ ನೀರು ಹರಿಯುವ ನಮ್ಮ ಸೀಮೆಗೆ ಮಳೆಯ ಅಂಕಿಯೊಂದೇ ಸಾಲದು. ಮೇಲಿನ ಕೆರೆಯ ನೀರಿನ ಮಟ್ಟವನ್ನೂ ಪಾಲಿಸಿಯ ಷರತ್ತಿನಲ್ಲಿ ಸೇರಿಸಬೇಕು ಅನ್ನುವುದು ನನ್ನ ಅಭಿಪ್ರಾಯ.